ಸ್ಟೀರಿಂಗ್ ಮಾತಾಡ್ತದೆ.... ಕೇಳುವ ಕೈ ಬೇಕು!

ಚೇಸಿಂಗ್ ಸೀನ್ ಬಂದಾಗ ನೀವೇನು ನೋಡ್ತೀರಿ? ಮೊದಲು ಹೀರೋನ ಕಣ್ಣು. ಆಮೇಲೆ ಸ್ಟೀರಿಂಗ್ ಮೇಲಿನ ಕೈ. ಆಮೇಲೆ ಕಿರ್ರೆಂದು ಕಿರುಚುವ ಟೈರು. ಕಣ್ಣು, ಕೈ, ಟೈರು.... ಮತ್ತೆ ಕಣ್ಣು, ಕೈ, ಟೈರು! ಹಿನ್ನೆಲೆಯಲ್ಲಿ ಟ್ರಂಪೆಟ್ಟು, ಡ್ರಮ್ಮು. ಸೀಟಿನ ತುದಿಗೆ ಬಂದ ನಾವು ಸಿಳ್ಳೆ ಹೊಡೆದದ್ದೇ ಹೊಡೆದದ್ದು. ಆದರೆ ಆ ಕೈಗೂ ಆ ಟೈರಿಗೂ ನಡುವೆ ಏನಿದೆ ಅಂತ ಯಾವ ಕ್ಯಾಮೆರಾಮನ್ನೂ ತೋರಿಸಿಲ್ಲ, ಯಾವ ಅಭಿಮಾನಿಯೂ ಕೇಳಿಲ್ಲ.

ಈಗ ಕೇಳ್ತಿದ್ದಾರೆ! ವಿಜಯಪುರ ಜಿಲ್ಲೆಯ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ.... ಈ ನಾಲ್ಕು ಊರುಗಳ ಗ್ಯಾರೇಜುಗಳಲ್ಲಿ ಚಹಾ ಕುಡಿಯುತ್ತ ಕೂತರೆ ಒಂದಲ್ಲ ಒಂದು ಹೊತ್ತಿಗೆ ಒಬ್ಬ ತರುಣ ಬಂದು ಕೇಳುವ ಪ್ರಶ್ನೆ ಇದು: "ಉಸ್ತಾದ್, ರೇಸ್ ಕಾರಿಗೆ ಪವರ್ ಸ್ಟೀರಿಂಗ್ ಇರಂಗಿಲ್ಲಂತ. ನಮ್ಮ ಗಾಡೀದೂ ತಗದ ಬಿಡ್ರಲಾ?"

ಕೇಳೋದು ಸುಲಭ. ತೆಗೆಯೋದು? ತೆಗೆದ ಮೇಲೆ ಓಡಿಸೋದು? ಪಿಯುಸಿ ಅರ್ಧಕ್ಕೆ ಬಿಟ್ಟ ನನಗೆ ಕಾಲೇಜಿನ ಫಿಸಿಕ್ಸ್ ತಲೆಗೆ ಹತ್ತಲಿಲ್ಲ. ಆದರೆ ಗ್ರೀಸು ಮೆತ್ತಿದ ಕೈಗಳು ಹೇಳಿದ ಫಿಸಿಕ್ಸ್ ಹತ್ತಿತು. ನಾಲ್ಕು ಊರು ಸುತ್ತಿ ತಂದದ್ದನ್ನು ನಿಮ್ಮ ಮುಂದೆ ಇಡ್ತಿದ್ದೇನೆ. ಓದಿ ಮುಗಿಸುವ ತನಕ ಯಾರೂ ಪಾನಾ ಮುಟ್ಟಬಾರದು ಅನ್ನೋದು ಒಂದೇ ಷರತ್ತು!

ತೆರೆಯ ಮೇಲಿನ ಕಾರುಗಳು

ಮೊದಲು ನಮ್ಮ ಮನೆಮಾತು, ಅಂದರೆ ಸಿನಿಮಾ.

1964ರ 'ಗೋಲ್ಡ್‌ಫಿಂಗರ್' ಚಿತ್ರದಲ್ಲಿ ಜೇಮ್ಸ್ ಬಾಂಡ್ ಆಗಿ ಷಾನ್ ಕಾನರಿ ಓಡಿಸಿದ ಆಸ್ಟನ್ ಮಾರ್ಟಿನ್ ಡಿಬಿ5 ಯಾರಿಗೆ ನೆನಪಿಲ್ಲ? ಹೊಗೆ ಬಿಡ್ತದೆ, ಗುಂಡು ಹಾರಿಸ್ತದೆ, ಪಕ್ಕದ ಸೀಟಿನವನನ್ನು ಮೇಲಕ್ಕೆ ಎಸೀತದೆ. ಇಷ್ಟೆಲ್ಲ ಇದ್ದ ಕಾರಿಗೆ ಪವರ್ ಸ್ಟೀರಿಂಗ್ ಇರಲಿಲ್ಲ! 1977ರ 'ದ ಸ್ಪೈ ಹೂ ಲವ್ಡ್ ಮಿ' ಚಿತ್ರದಲ್ಲಿ ರೋಜರ್ ಮೂರ್ ಸಮುದ್ರಕ್ಕೆ ಇಳಿಸಿದ ಲೋಟಸ್ ಎಸ್ಪ್ರಿಗೂ ಇರಲಿಲ್ಲ. ಪೋರ್ಷೆ 911 ಕಾರು 1960ರ ದಶಕದಿಂದ 1989ರವರೆಗೆ ಪವರ್ ಸ್ಟೀರಿಂಗ್ ಇಲ್ಲದೆಯೇ ಜಗತ್ತನ್ನು ಮರುಳು ಮಾಡಿತು. 1987ರಲ್ಲಿ ಬಂದ ಫೆರಾರಿ ಎಫ್40 ಕೂಡ ಅದೇ ಜಾತಿ.

ನಮ್ಮ ಕಡೆ ಬನ್ನಿ. ಬೆಂಗಳೂರಿನಲ್ಲಿ ಹುಟ್ಟಿದ ಫಿರೋಜ್ ಖಾನ್ 1972ರಲ್ಲಿ ಮೊದಲ ಸಲ ನಿರ್ದೇಶಕನಾದ ಚಿತ್ರ 'ಅಪರಾಧ್'. ಅದರಲ್ಲಿ ಆತ ಕಾರ್ ರೇಸಿನ ಸರದಾರ. ರೇಸ್ ದೃಶ್ಯಕ್ಕಾಗಿ ಜರ್ಮನಿಗೇ ಹೋದ ಧೀರ! 2004ರಲ್ಲಿ ಅಬ್ಬಾಸ್-ಮಸ್ತಾನ್ ಜೋಡಿ ತೆಗೆದ 'ಟಾರ್ಜನ್: ದ ವಂಡರ್ ಕಾರ್' ಚಿತ್ರದ ನಿಜವಾದ ಹೀರೋ ಆ ನೇರಳೆ ಕಾರು. ಅದನ್ನು ಕಟ್ಟಿದವರು ದಿಲೀಪ್ ಛಾಬ್ರಿಯಾ. ಮೇಲಿನ ಮೈ ಅವರದು, ಒಳಗಿನ ಜೀವ ಟೊಯೋಟಾ ಎಂಆರ್2 ಎಂಬ ಜಪಾನಿ ಸ್ಪೋರ್ಟ್ಸ್ ಕಾರಿನದು.

ಈ ಎಂಆರ್2 ಹೆಸರನ್ನು ನೆನಪಿಡಿ. ಅದರ ಎಂಜಿನ್ ಮುಂದಿಲ್ಲ, ಡ್ರೈವರನ ಬೆನ್ನ ಹಿಂದಿದೆ. ಹಾಗಾಗಿ ಮೂಗು ಹಗುರ. 1984ರ ಮೊದಲ ತಲೆಮಾರಿಗೆ ಪವರ್ ಸ್ಟೀರಿಂಗ್ ಇರಲಿಲ್ಲ. 1989ರ ಎರಡನೇ ತಲೆಮಾರಿಗೆ ಕರೆಂಟ್ ಮೋಟಾರಿನಿಂದ ಎಣ್ಣೆ ತಳ್ಳುವ ಪವರ್ ಸ್ಟೀರಿಂಗ್ ಬಂತು. ಪರದೇಶದ ರೇಸ್ ಹುಚ್ಚರು ಅದನ್ನು ಕಿತ್ತು, ಮತ್ತೆ ಕೈಬಲದ ಸ್ಟೀರಿಂಗ್ ಕೂರಿಸಿಕೊಂಡರು. ಅದೇ 1989ರಲ್ಲಿ ಬಂದ ಮಜ್ದಾ ಎಂಎಕ್ಸ್-5 ಎಂಬ ಪುಟ್ಟ ಎರಡು ಸೀಟಿನ ಕಾರಿಗೂ ಅದೇ ಆಪರೇಷನ್. ಆರಾಮ ಕೊಡುವುದನ್ನು ಕಾಸು ಕೊಟ್ಟು ತೆಗೆಸಿಕೊಳ್ಳೋದು ಅಂದರೆ ಹುಚ್ಚಲ್ಲವೇ? ಅಲ್ಲ. ಯಾಕೆ ಅಲ್ಲ ಅನ್ನೋದಕ್ಕೆ ಇಂಡಿಗೆ ಹೋಗಬೇಕು.

ಇಂಡಿ: ಭಾರ ಎಲ್ಲಿಂದ ಬರ್ತದೆ?

ಇಂಡಿ ಅಂದರೆ ನಿಂಬೆಹಣ್ಣು, ಇಂಡಿ ಅಂದರೆ ಕಬ್ಬು. ಹಂಗಾಮಿನಲ್ಲಿ ರಸ್ತೆ ತುಂಬ ಜೋಡಿ ಟ್ರೇಲರ್ ಎಳೆಯುವ ಟ್ರ್ಯಾಕ್ಟರುಗಳು. ಅವುಗಳ ರಿಪೇರಿಯಲ್ಲೇ ತಲೆ ಹಣ್ಣಾದ ಒಬ್ಬ ಉಸ್ತಾದರನ್ನು ಹುಡುಕಿ ಹೋದೆ. "ಕಾಕಾ, ಸ್ಪೋರ್ಟ್ಸ್ ಕಾರಿನ ಸ್ಟೀರಿಂಗ್ ಬಗ್ಗೆ ಬರೀಬೇಕು" ಅಂದೆ. ನಕ್ಕರು.

"ತಮ್ಮಾ, ಇಂಡ್ಯಾಗ ಫೆರಾರಿ ಎಲ್ಲಿಂದ ಬರಬೇಕೋ? ಇಲ್ಲಿ ಹುಡುಗೋರ ಸ್ಪೋರ್ಟ್ಸ್ ಕಾರ್ ಅಂದ್ರ ಹಳೇ ಎಸ್ಟೀಮ್. ಹಿಂದ ರೆಕ್ಕಿ ಹಚ್ಚೋದು, ಅಗಲ ಟೈರ್ ಹಾಕೋದು, ಸೈಲೆನ್ಸರ್ ಒದರಿಸೋದು. ಮುಗೀತು, ಸ್ಪೋರ್ಟ್ಸ್ ಕಾರ್!"

ಮಾತು ತಮಾಷೆಯದಾದರೂ ಸುಳ್ಳಲ್ಲ. 1994ರಲ್ಲಿ ಬಂದ ಮಾರುತಿ ಎಸ್ಟೀಮ್ ನಮ್ಮ ದೇಶದ ರೇಸು, ರ‍್ಯಾಲಿಗಳಲ್ಲಿ ಹೆಸರು ಮಾಡಿದ ಕಾರು. ಪವರ್ ಸ್ಟೀರಿಂಗ್ ಇದ್ದ ಮಾದರಿಯೂ ಇತ್ತು, ಇಲ್ಲದ ಮಾದರಿಯೂ ಇತ್ತು. ಬಡವನ ಸ್ಪೋರ್ಟ್ಸ್ ಕಾರು ಅಂತ ಕರೆದರೆ ತಪ್ಪೇನಿಲ್ಲ.

ಉಸ್ತಾದರು ನೆಲದ ಮೇಲೆ ಕಡ್ಡಿಯಿಂದ ಗೆರೆ ಎಳೆದು ಪಾಠ ಶುರು ಮಾಡಿದರು. ಸ್ಟೀರಿಂಗ್ ಭಾರ ಆಗೋದು ನಾಲ್ಕು ಕಾರಣಕ್ಕೆ. ಒಂದು, ಮುಂದಿನ ಗಾಲಿಯ ಮೇಲೆ ಬಿದ್ದ ತೂಕ. ಎರಡು, ಟೈರಿನ ಅಗಲ. ಅಗಲ ಹೆಚ್ಚಿದಷ್ಟೂ ನೆಲ ಉಜ್ಜುವುದು ಹೆಚ್ಚು. ಮೂರು, ಸ್ಟೀರಿಂಗ್ ಚಕ್ರದ ಗಾತ್ರ. ನಾಲ್ಕು, ಒಳಗಿನ ಹಲ್ಲುಗಳ ಲೆಕ್ಕ, ಅಂದರೆ ಕೈ ಎಷ್ಟು ತಿರುಗಿದರೆ ಗಾಲಿ ಎಷ್ಟು ತಿರುಗ್ತದೆ ಅನ್ನೋದು.

ಮೂರನೆಯದರಲ್ಲೇ ನಮ್ಮ ಹುಡುಗರು ಎಡವೋದು. ರೇಸ್ ಕಾರಿನದು ಪುಟ್ಟ ಚಕ್ರ ಅಂತ 36 ಸೆಂಟಿಮೀಟರಿನ ಸ್ಟೀರಿಂಗ್ ಕಿತ್ತು 32ರದ್ದು ಹಾಕ್ತಾರೆ. 36ನ್ನು 32ರಿಂದ ಭಾಗಿಸಿ ನೋಡಿ. ಅದೇ ತಿರುವಿಗೆ ತೋಳು ಎಂಟನೇ ಒಂದು ಪಾಲು ಹೆಚ್ಚು ದುಡಿಯಬೇಕು. ಮೇಲೆ ಅಗಲ ಟೈರು. ಅದರ ಮೇಲೆ ಪವರ್ ಬೇರೆ ಕಿತ್ತರೆ? "ಜಿಮ್ಮಿಗೆ ಹೋಗೂದ ಬ್ಯಾಡ, ರಿವರ್ಸ್ ಹೊಡದ್ರ ಸಾಕು!" ಅಂತ ಕಾಕಾ ಮತ್ತೆ ನಕ್ಕರು.

ಇನ್ನೊಂದು ಗುಟ್ಟು: ಭಾರವೆಲ್ಲ ನಿಂತ ಗಾಡಿಯಲ್ಲಿ. ಗಾಲಿ ಉರುಳತೊಡಗಿದರೆ ಅರ್ಧ ಭಾರ ಇಳಿದಂತೆ. ಹಳೆಯ ಚಿತ್ರಗಳಲ್ಲಿ ನೇರವಾದ ರಸ್ತೆಯಲ್ಲೂ ಹೀರೋ ಹಾಡುತ್ತ ಸ್ಟೀರಿಂಗನ್ನು ಎಡಕ್ಕೆ ಬಲಕ್ಕೆ ಒಂದೇ ಬೆರಳಿನಲ್ಲಿ ಆಡಿಸ್ತಿದ್ದನಲ್ಲ? ಅದು ಸ್ಟುಡಿಯೋದಲ್ಲಿ ನಿಂತ ಕಾರು, ಹಿಂದೆ ಪರದೆಯ ಮೇಲೆ ಓಡುವ ರಸ್ತೆ! ಗಾಲಿ ನೆಲಕ್ಕೆ ಕಚ್ಚಿದ್ದಿದ್ದರೆ ಆ ಕಾಲದ ಯಾವ ಕಾರೂ ನಿಂತಲ್ಲೇ ಹಾಗೆ ಆಡ್ತಿರಲಿಲ್ಲ.

ಎಣ್ಣೆಯ ಕೈ

ಹಾಗಾದರೆ ಈ ಪವರ್ ಎಲ್ಲಿಂದ ಬಂತು? ಅಮೆರಿಕದ ಫ್ರಾನ್ಸಿಸ್ ಡೇವಿಸ್ ಎಂಬ ಎಂಜಿನಿಯರು ಪಿಯರ್ಸ್-ಆರೋ ಕಂಪನಿಯ ಲಾರಿ ವಿಭಾಗದಲ್ಲಿದ್ದ ಮನುಷ್ಯ. ಲಾರಿ ಡ್ರೈವರುಗಳ ತೋಳಿನ ಪಾಡು ಕಣ್ಣಾರೆ ಕಂಡವನು. 1926ರಲ್ಲಿ ಎಣ್ಣೆಯ ಒತ್ತಡದಿಂದ ಗಾಲಿ ತಿರುಗಿಸುವ ಯಂತ್ರವನ್ನು ಕಾರಿಗೆ ಕೂರಿಸಿ ಓಡಿಸಿ ತೋರಿಸಿದ. ದುಬಾರಿ ಅಂತ ಕಾರು ಕಂಪನಿಗಳು ಮುಂದೂಡಿದವು. ಎರಡನೇ ಮಹಾಯುದ್ಧದ ಭಾರೀ ಮಿಲಿಟರಿ ಗಾಡಿಗಳಿಗೆ ಅದು ಬೇಕಾಯಿತು. ಕೊನೆಗೆ 1951ರಲ್ಲಿ ಕ್ರೈಸ್ಲರ್ ಇಂಪೀರಿಯಲ್ ಕಾರಿನಲ್ಲಿ ಜನರ ಕೈಗೆ ಬಂತು. ಇಪ್ಪತ್ತೈದು ವರ್ಷ ಕಾದ ಸೂಪರ್ ಹಿಟ್!

ಕೆಲಸ ಮಾಡುವ ರೀತಿ ಸರಳ. ಸ್ಟೀರಿಂಗ್ ದಂಡದ ತುದಿಯಲ್ಲಿ ಒಂದು ಹಲ್ಲಿನ ಗಾಲಿ, ಅದಕ್ಕೆ ಕಚ್ಚಿಕೊಂಡ ಹಲ್ಲಿನ ಪಟ್ಟಿ. ಈ ಪಟ್ಟಿಗೆ ಗ್ಯಾರೇಜಿನಲ್ಲಿ ರ‍್ಯಾಕ್ ಅಂತಾರೆ. ಪಟ್ಟಿ ಎಡಕ್ಕೆ ಬಲಕ್ಕೆ ಸರಿದರೆ ಗಾಲಿ ತಿರುಗ್ತದೆ. ಪವರ್ ಇದ್ದ ರ‍್ಯಾಕಿನಲ್ಲಿ ಇದೇ ಪಟ್ಟಿಗೆ ಒಂದು ಪಿಸ್ಟನ್. ಎಂಜಿನ್ ಬೆಲ್ಟು ಪಂಪನ್ನು ತಿರುಗಿಸ್ತದೆ, ಪಂಪು ಎಣ್ಣೆ ತಳ್ತದೆ. ಅದರ ಜೋರು ಎಷ್ಟು? ಹೆಚ್ಚೆಂದರೆ ನಿಮ್ಮ ಟೈರಿನ ಗಾಳಿಯ ಒತ್ತಡಕ್ಕಿಂತ ಮೂವತ್ತು-ನಲವತ್ತು ಪಟ್ಟು!

ಎಣ್ಣೆ ಯಾವ ಕಡೆ ಹೋಗಬೇಕು ಅಂತ ಹೇಳೋದು ಒಂದು ಸಣ್ಣ ಉಕ್ಕಿನ ಕಡ್ಡಿ. ನೀವು ಸ್ಟೀರಿಂಗ್ ತಿರುಗಿಸಿದಾಗ ಆ ಕಡ್ಡಿ ಕೂದಲೆಳೆಯಷ್ಟು ತಿರುಚಿಕೊಳ್ತದೆ. ಅಷ್ಟಕ್ಕೇ ವಾಲ್ವ್ ತೆರೆದು ಎಣ್ಣೆ ನುಗ್ಗಿ ಪಿಸ್ಟನ್ ತಳ್ತದೆ. ನೀವು ಕೇಳಿದ್ದು ಒಂದು ಆಣೆ ಕೆಲಸ, ಎಣ್ಣೆ ಮಾಡಿದ್ದು ಹದಿನೈದು ಆಣೆ.

ನಷ್ಟ ಎಲ್ಲಿ? ತಿರುವಿನಲ್ಲಿ ಟೈರು ತನ್ನ ಕಷ್ಟವನ್ನು ಸ್ಟೀರಿಂಗಿಗೆ ಹೇಳ್ತದೆ. ತಿರುವು ಜೋರಾದಂತೆ ಸ್ಟೀರಿಂಗ್ ಭಾರ ಆಗ್ತಾ ಹೋಗ್ತದೆ. ಟೈರಿನ ಹಿಡಿತ ಇನ್ನೇನು ತಪ್ಪಬೇಕು ಅನ್ನುವ ಸ್ವಲ್ಪ ಮೊದಲು ಆ ಭಾರ ಸಟ್ಟನೆ ಇಳೀತದೆ. ಕೈಗೆ ಹಗುರ ಆಯ್ತು ಅಂದರೆ, "ಮಾರಾಯಾ, ಇನ್ನು ನನ್ನ ಕೈಲಾಗೋದಿಲ್ಲ" ಅಂತ ಟೈರು ಕೂಗಿದ ಹಾಗೆ! ಪವರ್ ಸ್ಟೀರಿಂಗಿನ ಎಣ್ಣೆ ಈ ಮಾತಿನ ಮಧ್ಯೆ ನಿಂತ ಮಧ್ಯವರ್ತಿ. ಭಾರ ತಗ್ಗಿಸ್ತದೆ, ಜೊತೆಗೆ ಮಾತನ್ನೂ ತಗ್ಗಿಸ್ತದೆ.

ರೇಸಿನವನಿಗೆ ಈ ಮಾತೇ ಬಂಡವಾಳ. ಅವನು ಪವರ್ ಕೀಳೋದು ತೋಳು ತೋರಿಸಲಿಕ್ಕಲ್ಲ, ಕಿವಿ ತೆರೆಯಲಿಕ್ಕೆ.

ಸಿಂದಗಿ: ಬೆಲ್ಟ್ ಕತ್ತರಿಸಿದ ಹೀರೋ

ಇಷ್ಟು ತಿಳಿಯದೆ ಪಾನಾ ಹಿಡಿದರೆ ಏನಾಗ್ತದೆ ಅಂತ ಸಿಂದಗಿಯಲ್ಲಿ ಗೊತ್ತಾಯಿತು. ಅಲ್ಲಿಯ ಒಬ್ಬ ತರುಣ, ಹೆಸರು ಬೇಡ, ಎಸ್ಟೀಮಿನ ಪವರ್ ಸ್ಟೀರಿಂಗ್ ಪೈಪು ಸೋರತೊಡಗಿದಾಗ ರಿಪೇರಿಗೆ ದುಡ್ಡಿಲ್ಲದೆ ಸುಲಭದ ದಾರಿ ಹುಡುಕಿದ. ಪಂಪಿನ ಬೆಲ್ಟು ಕತ್ತರಿಸಿ ಒಗೆದ. "ಈಗ ಇದು ಮ್ಯಾನುಯಲ್" ಅಂತ ಗೆಳೆಯರ ಮುಂದೆ ಕಾಲರ್ ಏರಿಸಿದ.

ಮೂರನೇ ದಿನ ಹಳ್ಳಿ ರಸ್ತೆಯ ತಿರುವು. ಎದುರಿಗೆ ಕಬ್ಬಿನ ಟ್ರೇಲರು. ಸ್ಟೀರಿಂಗ್ ಎಳೆದ. ಮೊದಲು ಪೊಳ್ಳಾಗಿ ತಿರುಗಿತು, ಆಮೇಲೆ ಕಲ್ಲಾಯಿತು. ಕಾರು ಜೋಳದ ಹೊಲದಲ್ಲಿ! ದೇವರು ದೊಡ್ಡವನು, ಬದುಕಿದ.

"ಅಣ್ಣಾ, ಮ್ಯಾನುಯಲ್ ಗಾಡಿ ಮೊದಲೂ ಹೊಡದೀನಿ. ಇಷ್ಟ ಜಡ ಇರ್ಲಿಲ್ಲ. ಅದ್ಯಾಕ ಹಂಗಾತು?" ಅಂತ ಅವನು ನನ್ನನ್ನೇ ಕೇಳಿದ.

ಉತ್ತರ ಮೇಲಿನ ಪಾಠದಲ್ಲೇ ಇದೆ. ಬೆಲ್ಟು ಹೋಯಿತು, ಎಣ್ಣೆ ಒಳಗೇ ಉಳಿಯಿತು. ಈಗ ಪಿಸ್ಟನ್ನನ್ನು ಎಣ್ಣೆ ತಳ್ಳೋದಿಲ್ಲ, ಪಿಸ್ಟನ್ನೇ ಎಣ್ಣೆಯನ್ನು ಸಣ್ಣ ಪೈಪುಗಳಲ್ಲಿ ತಳ್ಳಬೇಕು. ತಳ್ಳೋದು ಯಾರ ಕೈ? ಡ್ರೈವರನ ಕೈ! ಅದಕ್ಕೇ ಕಲ್ಲಾಗಿದ್ದು. ಪೊಳ್ಳು ತಿರುಗಿದ್ದು ಯಾಕೆ? ಆ ಸಣ್ಣ ಉಕ್ಕಿನ ಕಡ್ಡಿ ಈಗಲೂ ತಿರುಚಿಕೊಳ್ತದೆ, ಆದರೆ ಸಹಾಯಕ್ಕೆ ಬರುವ ಎಣ್ಣೆ ಇಲ್ಲ. ಕಡ್ಡಿ ತಿರುಚಿ ಮುಗಿಯುವ ತನಕ ಗಾಲಿಗೆ ಸುದ್ದಿಯೇ ಮುಟ್ಟೋದಿಲ್ಲ. ಮೇಲಾಗಿ ಪವರ್ ರ‍್ಯಾಕಿನ ಹಲ್ಲಿನ ಲೆಕ್ಕವೇ ಬೇರೆ. ಎಣ್ಣೆ ಇದ್ದೇ ಇರ್ತದೆ ಅಂತ ನಂಬಿ ಮಾಡಿದ ಲೆಕ್ಕ ಅದು.

ಮಜ್ದಾ ಎಂಎಕ್ಸ್-5 ಕಾರಿನದೇ ಉದಾಹರಣೆ. ಮೊದಲ ತಲೆಮಾರಿನಲ್ಲಿ ಪವರ್ ರ‍್ಯಾಕಿನ ಲೆಕ್ಕ 15ಕ್ಕೆ 1, ಮ್ಯಾನುಯಲ್ ರ‍್ಯಾಕಿನದು 18ಕ್ಕೆ 1. ಅಂದರೆ ಮ್ಯಾನುಯಲ್‌ನಲ್ಲಿ ಕೈ ಐದನೇ ಒಂದು ಪಾಲು ಹೆಚ್ಚು ತಿರುಗಬೇಕು, ಪ್ರತಿಫಲವಾಗಿ ಭಾರ ಅಷ್ಟು ಕಡಿಮೆ. ಕಂಪನಿಯವರು ಮ್ಯಾನುಯಲ್ ಅಂದರೆ ಬೆಲ್ಟ್ ಇಲ್ಲದ ಪವರ್ ಅಂತ ಎಣಿಸಿರಲಿಲ್ಲ. ಬೇರೆಯೇ ರ‍್ಯಾಕ್ ಮಾಡಿದ್ದರು!

ಇನ್ನೊಂದು ಅಪಾಯ. ಕೆಲವು ಕಾರುಗಳಲ್ಲಿ ಅದೇ ಬೆಲ್ಟು ನೀರಿನ ಪಂಪನ್ನೋ ಡೈನಮೋವನ್ನೋ ತಿರುಗಿಸ್ತದೆ. ಬೆಲ್ಟು ಹೋದರೆ ಎಂಜಿನ್ ಕಾದು ಕೆಂಡ. ಸ್ಟೀರಿಂಗ್ ರಿಪೇರಿ ಉಳಿಸಲು ಹೋಗಿ ಎಂಜಿನ್ ಕಳಕೊಂಡ ಹಾಗೆ.

ಮುದ್ದೇಬಿಹಾಳ: ಸರಿಯಾದ ಆಪರೇಷನ್

ತಾಳಿಕೋಟೆ ದಾಟಿ ಮುದ್ದೇಬಿಹಾಳಕ್ಕೆ ಬಂದೆ. ಲೇತ್ ಅಂಗಡಿಯೊಂದರ ಮೇಜಿನ ಮೇಲೆ ರ‍್ಯಾಕ್ ಬಿಚ್ಚಿ ಹರವಿದ್ದರು. ಲೇತ್ ಮಾಸ್ತರರು ಮಾತು ಕಡಿಮೆ, ಕೆಲಸ ಜಾಸ್ತಿ ಎನ್ನುವ ಪೈಕಿ. ಎರಡು ದಾರಿ ಇವೆ ಅಂತ ಎರಡು ಬೆರಳು ತೋರಿಸಿದರು.

ಮೊದಲ ದಾರಿ ರಾಜಮಾರ್ಗ. ಅದೇ ಕಾರಿನ ಪವರ್ ಇಲ್ಲದ ಮಾದರಿಯ ರ‍್ಯಾಕನ್ನು ಹುಡುಕಿ ತಂದು ಕೂರಿಸೋದು. ಹಲ್ಲಿನ ಲೆಕ್ಕವೂ ಸರಿ, ಪೊಳ್ಳೂ ಇಲ್ಲ. ಗುಜರಿಯಿಂದ ತಂದ ರ‍್ಯಾಕಾದರೆ ಹಲ್ಲು ಸವೆದಿದೆಯಾ, ಪಟ್ಟಿ ಬಾಗಿದೆಯಾ ಅಂತ ಬಿಚ್ಚಿ ನೋಡದೆ ಹಾಕಬಾರದು.

ಎರಡನೇ ದಾರಿ ಇರುವ ರ‍್ಯಾಕಿನಿಂದಲೇ ಪವರ್ ಬಿಡಿಸೋದು. ಇದು ಹೀಗೆ:

ಗಾಡಿಯನ್ನು ಜ್ಯಾಕಿನ ಮೇಲಲ್ಲ, ಗಟ್ಟಿ ಸ್ಟ್ಯಾಂಡಿನ ಮೇಲೆ ನಿಲ್ಲಿಸಬೇಕು. ಗಾಲಿ ನೇರ ಮಾಡಿ ಸ್ಟೀರಿಂಗ್ ಅಲ್ಲಾಡದಂತೆ ಕಟ್ಟಿ, ಜೋಡಣೆಗೆ ಗುರುತು ಹಾಕಬೇಕು. ಏರ್‌ಬ್ಯಾಗ್ ಇರುವ ಕಾರಾದರೆ ಇದು ಇನ್ನೂ ಮುಖ್ಯ. ಸ್ಟೀರಿಂಗ್ ಗಿರ್ರನೆ ತಿರುಗಿದರೆ ಒಳಗಿನ ವೈರಿನ ಸುರುಳಿ ಹರೀತದೆ. ಎಣ್ಣೆ ಬಸಿದು ಪಂಪು, ಡಬ್ಬಿ, ಪೈಪು ತೆಗೆಯಬೇಕು. ಉಳಿದ ಭಾಗಗಳಿಗೆ ಸರಿಯಾದ ಅಳತೆಯ ಬೆಲ್ಟು ಹಾಕಬೇಕು. ರ‍್ಯಾಕ್ ಇಳಿಸಿ, ಬಿಚ್ಚಿ, ಪಿಸ್ಟನ್ನಿನ ಮೇಲಿನ ಸೀಲ್ ರಿಂಗ್ ತೆಗೆಯಬೇಕು. ಆಗ ಪಿಸ್ಟನ್ ಗಾಳಿಯನ್ನೂ ಎಣ್ಣೆಯನ್ನೂ ಒತ್ತೋದಿಲ್ಲ, ಸುಮ್ಮನೆ ಓಡಾಡ್ತದೆ. ಇಷ್ಟು ದಿನ ಎಣ್ಣೆಯೇ ಸವರಿಕೆಯಾಗಿತ್ತು, ಈಗ ಹಲ್ಲುಗಳಿಗೆ ಹೊಸ ಗ್ರೀಸು ತುಂಬಬೇಕು. ಪೈಪಿನ ತೂತುಗಳಿಗೆ ಧೂಳು ಹೋಗದಂತೆ, ಆದರೆ ಗಾಳಿ ಆಡುವಂತೆ ಮುಚ್ಚಳ ಬೇಕು.

ಕೊನೆಗೆ ಆ ಪೊಳ್ಳು. ಉಕ್ಕಿನ ಕಡ್ಡಿ ತಿರುಚದಂತೆ ವಾಲ್ವಿನ ಎರಡು ಭಾಗಗಳನ್ನು ಒಂದು ಮಾಡಬೇಕು. ಹೊರಗೆ ಇದನ್ನು ವೆಲ್ಡಿಂಗ್ ಮಾಡಿ ಮುಗಿಸುವವರಿದ್ದಾರೆ. "ನೀವು ಮಾಡ್ತೀರಾ?" ಅಂದೆ. ಮಾಸ್ತರರು ತಲೆ ಅಲ್ಲಾಡಿಸಿದರು.

"ಗೇಟಿಗಿ ವೆಲ್ಡಿಂಗ್ ಹೊಡದಂಗಲ್ರೀ ಇದು. ಕಾಸಿದ್ರ ಉಕ್ಕಿನ ಗುಣಾನ ಬದಲಾಗತೈತಿ. ಮ್ಯಾಲೆ ಚಂದ ಕಾಣತೈತಿ, ಒಳಗ ಬಿರುಕ ಬಿಟ್ಟಿದ್ರ ಯಾರಿಗಿ ಕಾಣತೈತಿ? ಗೇಟ್ ಮುರದ್ರ ದನಾ ಹೊರಗ ಬರತಾವ. ಇದು ಮುರದ್ರ?"

ಆ ಪ್ರಶ್ನೆಗೆ ಅಂಗಡಿಯಲ್ಲಿದ್ದ ಯಾರೂ ಉತ್ತರ ಹೇಳಲಿಲ್ಲ. ಮಾಸ್ತರರ ತೀರ್ಪು ಸ್ಪಷ್ಟ: ಮ್ಯಾನುಯಲ್ ರ‍್ಯಾಕ್ ಸಿಕ್ಕರೆ ಮಾಡಿ, ಸಿಗದಿದ್ದರೆ ಸೋರುವ ಸೀಲು ಬದಲಿಸಿ ಪವರ್ ಸ್ಟೀರಿಂಗನ್ನೇ ಸರಿಮಾಡಿಕೊಳ್ಳಿ.

ಜೋಡಿಸಿದ ಮೇಲೂ ಕೆಲಸ ಮುಗಿಯೋದಿಲ್ಲ. ಹಳೆಯ ಕಾಟರ್ ಪಿನ್ನು ಮತ್ತೆ ಹಾಕಬಾರದು. ಗಾಲಿ ಎತ್ತಿಟ್ಟು ಈ ತುದಿಯಿಂದ ಆ ತುದಿಗೆ ತಿರುಗಿಸಿ, ಎಲ್ಲೂ ಹಿಡಿಯಬಾರದು. ವ್ಹೀಲ್ ಅಲೈನ್‌ಮೆಂಟ್ ಮಾಡಿಸಲೇಬೇಕು. ಮೊದಲ ಓಟ ಖಾಲಿ ಮೈದಾನದಲ್ಲಿ, ಎತ್ತಿನ ಬಂಡಿಯ ವೇಗದಲ್ಲಿ. ತಿರುವು ಮುಗಿದ ಮೇಲೆ ಸ್ಟೀರಿಂಗ್ ತಾನಾಗಿ ನೇರಕ್ಕೆ ಬರಬೇಕು. ಬರದಿದ್ದರೆ ಗಾಡಿ ರಸ್ತೆಗೆ ಇಳಿಯಬಾರದು.

ಈಗಿನ ಹೊಸ ಕಾರುಗಳ ಕಥೆ ಇನ್ನೂ ಬೇರೆ. ಅವುಗಳಲ್ಲಿ ಎಣ್ಣೆಯೇ ಇಲ್ಲ, ಕರೆಂಟ್ ಮೋಟಾರಿನ ಸಹಾಯ. ಫ್ಯೂಸ್ ಕಿತ್ತರೆ ಮ್ಯಾನುಯಲ್ ಆಗೋದಿಲ್ಲ. ಸತ್ತ ಮೋಟಾರನ್ನೂ ನೀವೇ ತಿರುಗಿಸಬೇಕು, ಮೇಲೆ ಕಂಪ್ಯೂಟರು ದೀಪ ಹಚ್ಚಿ ಬೈಯುತ್ತದೆ. ಆ ಗೋಜಿಗೆ ಹೋಗಲೇಬೇಡಿ.

ಬಸವನ ಬಾಗೇವಾಡಿ: ಹಳೆಯ ಕೈಯ ಪಾಠ

ಬಸವಣ್ಣನವರು ಹುಟ್ಟಿದ ಊರಿನಲ್ಲಿ ನನಗೆ ಸಿಕ್ಕವರು ಸರ್ಕಾರಿ ಬಸ್ಸಿನ ನಿವೃತ್ತ ಡ್ರೈವರು. ಪವರ್ ಸ್ಟೀರಿಂಗ್ ಇಲ್ಲದ ಬಸ್ಸನ್ನು ವರ್ಷಗಟ್ಟಲೆ ಓಡಿಸಿದ ಕೈಗಳು. ಆದರೆ ತೋಳು ನೋಡಿದರೆ ಪೈಲ್ವಾನರದಲ್ಲ! "ಅಜ್ಜಾರ, ಅಷ್ಟು ದೊಡ್ಡ ಬಸ್ಸು ಹೇಗೆ ತಿರುಗಿಸ್ತಿದ್ರಿ?" ಅಂದೆ.

"ಬಲದಿಂದಲ್ಲಪಾ, ಹದದಿಂದ. ನಿಂತಾಗ ತಿರಗಸಬಾರದು. ಗಾಡಿ ತುಸು ಉರುಳಲಿ, ಆಮ್ಯಾಲೆ ತಿರಗಸು. ಎರಡೂ ಕೈ ಇರಲಿ. ಹೆಬ್ಬೆರಳ ಚಕ್ರದ ಒಳಗ ಸಿಗಸಬ್ಯಾಡ."

ಹೆಬ್ಬೆರಳು ಯಾಕೆ? ಗುಂಡಿಗೆ ಗಾಲಿ ಬಿದ್ದರೆ ಮ್ಯಾನುಯಲ್ ಸ್ಟೀರಿಂಗ್ ಚಕ್ರ ಒದೀತದೆ. ಕಡ್ಡಿಯ ಒಳಗೆ ಸಿಕ್ಕ ಹೆಬ್ಬೆರಳು ಉಳುಕೋದು ಗ್ಯಾರಂಟಿ. ಹಳೆಯ ಬಸ್ಸಿನ ಸ್ಟೀರಿಂಗ್ ಪರಾತದಷ್ಟು ದೊಡ್ಡದಿದ್ದದ್ದೂ ಇದೇ ಲೆಕ್ಕಕ್ಕೆ. ಚಕ್ರ ದೊಡ್ಡದಾದಷ್ಟೂ ಕೈಗೆ ಕೆಲಸ ಕಡಿಮೆ. ನಮ್ಮ ಹುಡುಗರು ಪವರ್ ಕಿತ್ತು ಚಕ್ರವನ್ನೂ ಚಿಕ್ಕದು ಮಾಡ್ತಾರೆ ಅಂತ ಹೇಳಿದಾಗ ಅಜ್ಜನವರು, "ಎತ್ತೂ ಮಾರಿ, ನೊಗಾನೂ ಮುರದಂಗಾತು" ಅಂದರು.

ಬಂಡಿ ಹೊಡೆಯುವವನಿಗೆ ಈ ವಿದ್ಯೆ ಹೊಸದಲ್ಲ. ಹಗ್ಗದ ತುದಿಯಲ್ಲಿ ಎತ್ತಿನ ಮನಸ್ಸು ಗೊತ್ತಾಗ್ತದೆ. ಸೈಕಲ್ಲಿನ ಹ್ಯಾಂಡಲ್ ಹಿಡಿದವನಿಗೆ ಮರಳು, ಟಾರು, ಕೆಸರು ಕೈಗೇ ತಿಳೀತದೆ. ಸೈಕಲ್ ಸವಾರರಿಗೆ ಹೆಸರಾದ ಜಿಲ್ಲೆಯ ಹುಡುಗರಿಗೆ ಇದನ್ನು ಬೇರೆ ಹೇಳಬೇಕೇ? 1980ರ 'ಆಟೋ ರಾಜ'ದ ನಂತರ ನಮ್ಮ ಶಂಕರ್‌ನಾಗ್‌ರ ಪಟ ಹಚ್ಚಿಕೊಂಡು ಓಡುವ ಆಟೋಗಳು ಎಷ್ಟಿಲ್ಲ? ಆ ಆಟೋದ ಹ್ಯಾಂಡಲ್ಲಿಗೂ ಪವರ್ ಇಲ್ಲ, ಮುಂದಿನ ಗಾಲಿಯ ಸುದ್ದಿ ನೇರವಾಗಿ ಅಂಗೈಗೆ!

ಕನ್ನಡ ನಾಡಿನ ಕೈಗಳು

ಪವರ್ ಇಲ್ಲದೆ ಗೆಲ್ಲಬಹುದು ಅನ್ನೋದಕ್ಕೆ ಪರದೇಶಕ್ಕೇ ಹೋಗಬೇಕಿಲ್ಲ. 1982ರಲ್ಲಿ ಬೆಂಗಳೂರಿನ ಸಿಪಾನಿಯವರ ಕಾರ್ಖಾನೆಯಿಂದ 'ಡಾಲ್ಫಿನ್' ಎಂಬ ಪುಟ್ಟ ಕಾರು ಹೊರಬಂತು. ಇಂಗ್ಲೆಂಡಿನ ರಿಲಯಂಟ್ ಕಿಟನ್ ಕಾರಿನ ವಿನ್ಯಾಸ, ಫೈಬರ್ ಮೈ, 848 ಸಿಸಿ ಎಂಜಿನ್. ಸಂಸಾರಸ್ಥರು ಮೂಗು ಮುರಿದರು. ಆದರೆ ರೇಸು, ರ‍್ಯಾಲಿಯವರು ಮೆಚ್ಚಿದರು. ಯಾಕೆ? ಮೈ ಹಗುರ, ಮೂಗು ಹಗುರ, ಸ್ಟೀರಿಂಗ್ ತಾನಾಗೇ ಹಗುರ. ಪವರ್ ಬೇಕೇ ಆಗಲಿಲ್ಲ.

ಇನ್ನು ಇತ್ತೀಚಿನದು. ಫಾರ್ಮುಲಾ 1 ಕಾರಿಗೆ ಪವರ್ ಸ್ಟೀರಿಂಗ್ ಉಂಟು. ಅದರ ಕೆಳಗಿನ ಮೆಟ್ಟಿಲಾದ ಫಾರ್ಮುಲಾ 2 ಕಾರಿಗೆ ಇಲ್ಲ! ಅಲ್ಲಿ ತೋಳು, ಭುಜ, ಕುತ್ತಿಗೆಯೇ ಪವರ್. ಅಂಥ ಕಾರಿನಲ್ಲಿ ಬೆಂಗಳೂರಿನ ಕುಶ್ ಮೈನಿ 2025ರ ಮೇ ತಿಂಗಳಲ್ಲಿ ಮೊನಾಕೊದ ಸ್ಪ್ರಿಂಟ್ ರೇಸ್ ಗೆದ್ದರು. ಮೊನಾಕೊ ಅಂದರೆ ಊರೊಳಗಿನ ಓಣಿಗಳಲ್ಲಿ ಓಡುವ ರೇಸು. ಎರಡೂ ಬದಿಗೆ ಕಬ್ಬಿಣದ ತಡೆ, ಒಂದು ಅಂಗುಲ ತಪ್ಪಿದರೆ ಗಾಲಿ ಹಾರಿಹೋಗ್ತದೆ. ಅಣ್ಣ ಅರ್ಜುನ್ ಮೈನಿ ಕೂಡ 2018ರಲ್ಲಿ ಅದೇ ಫಾರ್ಮುಲಾ 2ರಲ್ಲಿ ಓಡಿಸಿದವರು. ಅವರ ಕಾರಿಗೆ ಪವರ್ ಇಲ್ಲದಿರೋದು ಯಾರೋ ಬೆಲ್ಟ್ ಕತ್ತರಿಸಿದ್ದರಿಂದಲ್ಲ. ಮೊದಲ ಗೆರೆ ಎಳೆದಾಗಲೇ ಹಾಗೆ ಕಟ್ಟಿದ ಕಾರು ಅದು.

ಕಾನೂನು ಏನು ಹೇಳ್ತದೆ?

ಕ್ಲೈಮ್ಯಾಕ್ಸಿಗೆ ಪೊಲೀಸರು ಬರಲೇಬೇಕಲ್ಲ! ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನ ಪ್ರಕಾರ ನೋಂದಣಿ ಪತ್ರದ ವಿವರ ತಯಾರಕರ ಮೂಲ ವಿವರಕ್ಕಿಂತ ಬೇರೆಯಾಗುವಂತೆ ಮಾಲೀಕ ಗಾಡಿಯನ್ನು ಬದಲಿಸುವಂತಿಲ್ಲ. 2019ರ ಜನವರಿಯಲ್ಲಿ ಕೇರಳದ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟು ಇದನ್ನು ಇನ್ನೂ ಗಟ್ಟಿಯಾಗಿ ಹೇಳಿತು. ಆದ್ದರಿಂದ ರಸ್ತೆಗೆ ಇಳಿಯುವ ಗಾಡಿಯಾದರೆ ಕೆಲಸಕ್ಕೆ ಮೊದಲೇ ಆರ್‌ಟಿಒ ಕಚೇರಿಯಲ್ಲಿ ಬರವಣಿಗೆಯಲ್ಲಿ ಕೇಳಿ. ವಿಮೆಯವರಿಗೂ ತಿಳಿಸಿ. ಅಪಘಾತವಾದ ಮೇಲೆ ಅವರು ಮೊದಲು ಹುಡುಕೋದು ಇಂಥ ನೆಪವನ್ನೇ.

ರೇಸಿನ ಹುಚ್ಚು ನಿಜವಾದದ್ದಾದರೆ ಅದಕ್ಕೆ ಜಾಗ ಬೇರೆ ಇದೆ. ಒಂದು ಕಾಲಕ್ಕೆ ಮದ್ರಾಸಿನ ಹತ್ತಿರದ ಶೋಳವರಂ ವಿಮಾನಪಟ್ಟಿಯಲ್ಲಿ ರೇಸಾಗ್ತಿತ್ತು. ಈಗ ಚೆನ್ನೈ ಬಳಿಯ ಇರುಂಗಾಟ್ಟುಕೋಟೈ, ಕೊಯಮತ್ತೂರಿನ ಕಾರಿ ಟ್ರ್ಯಾಕುಗಳಿವೆ. ಲೈಸೆನ್ಸು, ಹೆಲ್ಮೆಟ್ಟು, ತಪಾಸಣೆ, ಆಂಬುಲೆನ್ಸು ಎಲ್ಲ ಇರುವ ಕಡೆ. ಝಳಕಿ ಕ್ರಾಸಿನ ಹೆದ್ದಾರಿ ಟ್ರ್ಯಾಕಲ್ಲ, ಸಿಂದಗಿ ರಸ್ತೆಯಲ್ಲಿ ರಾತ್ರಿ ದೀಪವಿಲ್ಲದೆ ಬರುವ ಟ್ರೇಲರು ಸಿನಿಮಾದ ಡಮ್ಮಿಯಲ್ಲ.

ಸಿನಿಮಾದ ವೇಗವೂ ನಿಜವಲ್ಲ ಅನ್ನೋದು ಗೊತ್ತಿರಲಿ. ಪ್ರೊಜೆಕ್ಟರು ಸೆಕೆಂಡಿಗೆ 24 ಚಿತ್ರ ಓಡಿಸ್ತದೆ. ಚೇಸಿಂಗನ್ನು 18ರಲ್ಲಿ ತೆಗೆದರೆ 45 ಕಿಲೋಮೀಟರ್ ವೇಗದ ಕಾರು ತೆರೆಯ ಮೇಲೆ 60ರಲ್ಲಿ ಹಾರ್ತದೆ. ಸ್ಟಂಟ್ ಮಾಸ್ಟರ್ 45ರಲ್ಲಿ ಲೆಕ್ಕ ಹಾಕಿ ತಿರುಗಿಸಿದ್ದನ್ನು ನಮ್ಮ ಹುಡುಗ 90ರಲ್ಲಿ ಮಾಡಲು ಹೋಗ್ತಾನೆ. ಅಲ್ಲಿ ಕಟ್ ಹೇಳುವ ಡೈರೆಕ್ಟರ್ ಇರೋದಿಲ್ಲ.

ಹಾಗಾದರೆ ಕೊನೆಯ ಮಾತೇನು? ನಿಮ್ಮ ಗಾಡಿಯ ಮೂಗು ಹಗುರವೇ? ಕಂಪನಿಯವರೇ ಅದಕ್ಕೆ ಮ್ಯಾನುಯಲ್ ರ‍್ಯಾಕ್ ಮಾಡಿದ್ದರೇ? ಅದು ಕೈಗೆ ಸಿಕ್ಕಿದೆಯೇ? ಬಿಚ್ಚಿ ಜೋಡಿಸಬಲ್ಲ ಉಸ್ತಾದರು ಇದ್ದಾರೆಯೇ? ಕಾಗದ ಪತ್ರ ಸರಿಯೇ? ಐದಕ್ಕೂ ಹೌದು ಅಂದರೆ ಧೈರ್ಯವಾಗಿ ಮಾಡಿಸಿ. ಟೈರಿನ ಮಾತು ಅಂಗೈಗೆ ಕೇಳುವ ಸುಖ ಬೇರೆ ಯಾವ ರೆಕ್ಕೆ, ಸೈಲೆನ್ಸರಿನಲ್ಲೂ ಇಲ್ಲ. ಒಂದಕ್ಕೆ ಇಲ್ಲ ಅಂದರೂ ಪಂಪಿಗೆ ಹೊಸ ಎಣ್ಣೆ ಹಾಕಿಸಿ, ಸೋರುವ ಸೀಲು ಬದಲಿಸಿ, ಹಾಯಾಗಿ ಓಡಿಸಿ. ಅದರಲ್ಲಿ ಅವಮಾನವೇನೂ ಇಲ್ಲ.

ಸಿಂದಗಿಯ ಆ ತರುಣ ಈಗ ಮುದ್ದೇಬಿಹಾಳದ ಮಾಸ್ತರರ ಹತ್ತಿರ ಗಾಡಿ ಬಿಟ್ಟಿದ್ದಾನೆ. ಮ್ಯಾನುಯಲ್ ರ‍್ಯಾಕ್ ಇನ್ನೂ ಸಿಕ್ಕಿಲ್ಲ. ಸಿಗುವ ತನಕ ಬಸ್ಸಿನಲ್ಲೇ ಓಡಾಡ್ತೇನೆ ಅಂತ ಅಂದಿದ್ದಾನೆ. ಡ್ರೈವರನ ಹಿಂದಿನ ಸೀಟೇ ಬೇಕಂತೆ, ಕೈ ನೋಡಲಿಕ್ಕೆ!